ಹೆಬ್ಬೆರಳು ನೆಲಕ್ಕಿರಲಿ

ಮಕ್ಕಳೇ,

ನ್ಯೂಜೆರ್ಸಿಯ ನಮ್ಮ ಕೂಟದ ಈ ಸಲದ ಬೇಸಿಗೆ ಪಿಕ್‌ನಿಕ್‌ನಲ್ಲಿ ಬಿಸಿಬೇಳೆಬಾತ್ ಮುಗಿದು, ದೊಡ್ಡವರೆಲ್ಲ ಕುರ್ಚಿಗಳನ್ನು ಮರದ ನೆರಳಿಗೆ ಎಳೆದುಕೊಂಡ ಹೊತ್ತಿನಲ್ಲಿ ನಾನೊಂದು ಬಟ್ಟೆಯ ಚೀಲವನ್ನು ಚಾಪೆಯ ಮೇಲೆ ಸುರಿದದ್ದು ನಿಮಗೆ ನೆನಪಿರಬೇಕು. ಊರಿಂದ ಬರುವಾಗ ತಂದ ಗೋಲಿಗಳು, ನೂರಕ್ಕೆ ಎರಡು ಕಡಿಮೆ. ಉರುಳಿ ಹುಲ್ಲಿನೊಳಗೆ ಹೋದವುಗಳ ಹಿಂದೆ ನೀವೆಲ್ಲ ಓಡಿದಿರಿ. ಒಬ್ಬಳು ಮಾತ್ರ ಓಡಲಿಲ್ಲ. ಕೈಗೆ ಸಿಕ್ಕಿದ ಗೋಲಿಯನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ ಕೇಳಿದಳು: "ಆಂಟಿ, ಈ ಎಲೆ ಒಳಗೆ ಹೇಗೆ ಹೋಯ್ತು?"

ಏಳನೇ ವಯಸ್ಸಿನಲ್ಲಿ ಇದೇ ಪ್ರಶ್ನೆ ನನ್ನನ್ನೂ ಹಿಡಿದಿತ್ತು. ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ ಉತ್ತರ ಹೇಳುವವರು ಯಾರೂ ಸಿಗಲಿಲ್ಲ. ಒಂದು ಮಧ್ಯಾಹ್ನ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಅಣ್ಣನ ಗೋಲಿಯೊಂದನ್ನು ಇಟ್ಟು, ಮೇಲೆ ಹಳೇ ಬಟ್ಟೆ ಮುಚ್ಚಿ, ಗುಂಡುಕಲ್ಲಿನಿಂದ ಕುಟ್ಟಿದೆ. ನಾಲ್ಕನೇ ಏಟಿಗೆ ಒಡೆಯಿತು. ನೀಲಿ ಎಲೆ ಹೊರಗೆ ಬೀಳುತ್ತದೆ, ಪುಸ್ತಕದಲ್ಲಿಟ್ಟುಕೊಳ್ಳಬಹುದು ಎಂದುಕೊಂಡಿದ್ದೆ. ಬಿದ್ದದ್ದು ಬರೀ ಗಾಜಿನ ಚೂರು. ನೀಲಿ ಬಣ್ಣವೂ ಗಾಜೇ ಆಗಿತ್ತು. ಬಣ್ಣವಿಲ್ಲದ ಗಾಜಿಗೆ ಅಂಟಿಕೊಂಡು, ಎಲ್ಲಿ ಇದು ಮುಗಿದು ಎಲ್ಲಿ ಅದು ಶುರುವಾಯಿತು ಎಂದು ಬೆರಳಿಗೆ ಗೊತ್ತಾಗದ ಹಾಗೆ ಬೆಸೆದುಹೋಗಿತ್ತು. ನೀವು ಮಾತ್ರ ಒಡೆಯಲು ಹೋಗಬೇಡಿ, ಚೂರು ಕಣ್ಣಿಗೆ ಸಿಡಿಯುತ್ತದೆ. ನಾನು ಒಡೆದು ನೋಡಿದ್ದು ಸಾಕು.

ಅವತ್ತು ನೀವು ಕೇಳಿದ್ದಕ್ಕೆಲ್ಲ ಅಲ್ಲಿ ಪೂರ್ತಿ ಉತ್ತರ ಕೊಡಲಾಗಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಕನ್ನಡ ಓದಲು ಇನ್ನೂ ಕಲಿಯುತ್ತಿರುವವರಿಗೆ ಅಮ್ಮನೋ ಅಪ್ಪನೋ ಓದಿ ಹೇಳಲಿ.

ಮೊದಲು ಆ ಎಲೆಯ ವಿಷಯ. ಗೋಲಿ ಮಾಡುವ ಕಾರ್ಖಾನೆಯಲ್ಲಿ ಗಾಜನ್ನು ಕುಲುಮೆಯಲ್ಲಿ ಕರಗಿಸುತ್ತಾರೆ. ಅದು ಜೇನುತುಪ್ಪದ ಹಾಗೆ ಧಾರೆಯಾಗಿ ಕೆಳಗಿಳಿಯುತ್ತದೆ. ಬಣ್ಣವಿಲ್ಲದ ಗಾಜು ಹೀಗೆ ಇಳಿಯುತ್ತಿರುವಾಗಲೇ ಅದರ ನಡುವಿಗೆ ಬಣ್ಣದ ಗಾಜನ್ನೂ ಹರಿಯಬಿಡುತ್ತಾರೆ. ಕತ್ತರಿಯಂಥ ಅಲಗು ಆ ಧಾರೆಯನ್ನು ತುಂಡು ತುಂಡಾಗಿ ಕತ್ತರಿಸುತ್ತದೆ. ಕೆಂಡದಂತೆ ಹೊಳೆಯುವ ಆ ತುಂಡುಗಳು ಅಕ್ಕಪಕ್ಕ ಮಲಗಿರುವ ಎರಡು ಉರುಳೆಗಳ ಮೇಲೆ ಬೀಳುತ್ತವೆ. ಉರುಳೆಗಳ ಮೈಮೇಲೆ ಸ್ಕ್ರೂವಿನ ಮರೆಯಂತೆ ಸುತ್ತಿಕೊಂಡು ಹೋಗುವ ತೋಡು ಇರುತ್ತದೆ. ಉರುಳೆಗಳು ತಿರುಗುತ್ತಿದ್ದಂತೆ ಗಾಜಿನ ತುಂಡು ಆ ತೋಡಿನಲ್ಲಿ ಹೊರಳುತ್ತಾ ಮುಂದಕ್ಕೆ ಸಾಗುತ್ತದೆ. ನಿಮ್ಮ ಅಜ್ಜಿ ಅಂಗೈಗಳ ನಡುವೆ ಉಂಡೆ ಕಟ್ಟುವುದನ್ನು ನೋಡಿದ್ದೀರಲ್ಲ, ಥೇಟ್ ಹಾಗೆಯೇ. ಆ ತುದಿಗೆ ಹೋಗುವಷ್ಟರಲ್ಲಿ ಗುಂಡಗೂ ಆಗಿರುತ್ತದೆ, ಗಟ್ಟಿಯೂ ಆಗಿರುತ್ತದೆ. ಆಮೇಲೆ ನಿಧಾನವಾಗಿ ತಣಿಸುತ್ತಾರೆ. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಅಂದರೆ ಎಲೆ ಹೊರಗಿನಿಂದ ಒಳಗೆ ಹೋಗುವುದಿಲ್ಲ, ಗೋಲಿಯೂ ಎಲೆಯೂ ಒಟ್ಟಿಗೇ ಹುಟ್ಟುತ್ತವೆ.

ಈ ಉರುಳೆ ಯಂತ್ರಕ್ಕೆ ದಾರಿ ಹಾಕಿಕೊಟ್ಟವನು ಮಾರ್ಟಿನ್ ಕ್ರಿಸ್ಟೆನ್ಸನ್. ಒಹಾಯೋ ರಾಜ್ಯದ ಆಕ್ರನ್ ಊರಿನವನು. ಗಾಜಿನ ಗೋಲಿ ಮಾಡುವ ಯಂತ್ರಕ್ಕೆ 1905ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಅದಕ್ಕೂ ಮೊದಲು ಗಾಜಿನ ಗೋಲಿಗಳು ಬರುತ್ತಿದ್ದದ್ದು ಹೆಚ್ಚಾಗಿ ಜರ್ಮನಿಯಿಂದ. ಅಲ್ಲಿ ಲಾವ್ಶಾ ಎಂಬ ಗಾಜುಗಾರರ ಊರಿನಲ್ಲಿ 1840ರ ದಶಕದಲ್ಲಿ ಒಂದು ವಿಶೇಷ ಕತ್ತರಿ ತಯಾರಾಯಿತು. ಅದರ ತುದಿಯಲ್ಲಿ ಬಟ್ಟಲಿನಂಥ ಅಚ್ಚು. ಬಣ್ಣದ ಎಳೆಗಳನ್ನು ಹುರಿ ಹಾಕಿದ ಗಾಜಿನ ಕೋಲನ್ನು ಕಾಯಿಸಿ, ತುದಿಯನ್ನು ಆ ಅಚ್ಚಿನಲ್ಲಿ ತಿರುಗಿಸಿ ಗುಂಡಗೆ ಮಾಡಿ, ಕತ್ತರಿಸಿಬಿಡುತ್ತಿದ್ದರು. ಹಾಗೆ ಕೈಯಲ್ಲಿ ಮಾಡಿದ ಗೋಲಿಯ ಮೇಲೆ ಕೋಲಿನಿಂದ ಬಿಡಿಸಿದ ಜಾಗದಲ್ಲಿ ಒಂದು ಒರಟು ಗುರುತು ಉಳಿಯುತ್ತದೆ, ಹೊಕ್ಕುಳಿನ ಹಾಗೆ. ಎಲ್ಲಾದರೂ ಹಳೇ ಸಾಮಾನಿನ ಅಂಗಡಿಯಲ್ಲಿ ಹೊಕ್ಕುಳಿರುವ ಗೋಲಿ ಸಿಕ್ಕಿದರೆ ಜೋಪಾನವಾಗಿ ಎತ್ತಿಟ್ಟುಕೊಳ್ಳಿ. ಒಬ್ಬ ಮನುಷ್ಯ ಬೆಂಕಿಯ ಮುಂದೆ ಕೂತು ಅದೊಂದನ್ನೇ ಮಾಡಿದ್ದಾನೆ.

"ಮಾರ್ಬಲ್ ಅಂದ್ರೆ ಕಲ್ಲಲ್ವಾ? ತಾಜ್ ಮಹಲ್ ಕಲ್ಲು?" ಎಂದು ಒಬ್ಬ ಕೇಳಿದ. ಹೌದಪ್ಪ, ಅದೇ ಅಮೃತಶಿಲೆ. ಯೂರೋಪಿನಲ್ಲಿ ಕಲ್ಲಿನ ಚೂರುಗಳನ್ನು ನೀರಿನಿಂದ ತಿರುಗುವ ಗಿರಣಿಗೆ ಹಾಕಿ ಅರೆದು ಗುಂಡಗೆ ಮಾಡುತ್ತಿದ್ದರು. ಇಂಗ್ಲಿಷಿನ ಹೆಸರು ಅಲ್ಲಿಂದ ಬಂತು. ನಮ್ಮ 'ಗೋಲಿ' ಹಾಗಲ್ಲ, ಅದು ಆಕಾರದಿಂದ ಬಂದ ಹೆಸರು. ಗೋಲ ಅಂದರೆ ಗುಂಡಗಿರುವುದು, ಪುಟ್ಟ ಗೋಲ ಗೋಲಿ. ಹಿಂದಿಯಲ್ಲಿ ಮಾತ್ರೆಯೂ ಗೋಲಿ, ಬಂದೂಕಿನ ಗುಂಡೂ ಗೋಲಿ. ಕನ್ನಡ ಪತ್ರಿಕೆಯಲ್ಲಿ 'ಗೋಲಿಬಾರ್' ಎಂಬ ಮಾತು ಕಂಡರೆ ಆಟ ಎಂದುಕೊಳ್ಳಬೇಡಿ, ಅದು ಪೊಲೀಸರು ಗುಂಡು ಹಾರಿಸುವುದು. ಹಿಂದಿನ ಕಾಲದ ಬಂದೂಕಿನ ಗುಂಡುಗಳು ನಿಜವಾಗಿಯೂ ಗೋಲಿಯಷ್ಟೇ ಗುಂಡಗಿದ್ದ ಸೀಸದ ಉಂಡೆಗಳು.

ಗಾಜಿನ ಗೋಲಿ ಬರುವ ಮೊದಲು ಮಕ್ಕಳು ಸುಮ್ಮನೆ ಕೂತಿರಲಿಲ್ಲ. ಮೊಹೆಂಜೊದಾರೊ, ಹರಪ್ಪಗಳ ಅಗೆತದಲ್ಲಿ ಕಲ್ಲಿನ ಮತ್ತು ಸುಟ್ಟ ಮಣ್ಣಿನ ಪುಟ್ಟ ಗುಂಡುಗಳು ಸಿಕ್ಕಿವೆ, ನಾಲ್ಕು ಸಾವಿರ ವರ್ಷಕ್ಕೂ ಹಿಂದಿನವು. ರೋಮಿನ ಮಕ್ಕಳು ಅಕ್ರೋಟು ಮುಂತಾದ ಕಾಯಿಗಳಲ್ಲಿ ಆಡುತ್ತಿದ್ದರು. ಚಕ್ರವರ್ತಿ ಆಗಸ್ಟಸ್ ಕೂಡ ಬೇಸರ ಕಳೆಯಲು ಪುಟ್ಟ ಹುಡುಗರ ಜೊತೆ ಕೂತು ಆಡುತ್ತಿದ್ದನೆಂದು ಚರಿತ್ರಕಾರ ಸುಯೆಟೋನಿಯಸ್ ಬರೆದಿಟ್ಟಿದ್ದಾನೆ. 'ಕಾಯಿಗಳನ್ನು ಬಿಟ್ಟ' ಅಂದರೆ ಲ್ಯಾಟಿನ್ನಿನಲ್ಲಿ 'ಹುಡುಗಾಟ ಬಿಟ್ಟು ದೊಡ್ಡವನಾದ' ಎಂದು ಅರ್ಥವಂತೆ. ನಮ್ಮಲ್ಲೂ 'ಅವನಿನ್ನೂ ಗೋಲಿ ಆಡೋ ಹುಡುಗ' ಎನ್ನುತ್ತೇವಲ್ಲ!

ನಮ್ಮ ಹಳ್ಳಿಯ ಬೇಲಿಗಳಲ್ಲಿ ಗಜ್ಜುಗ ಎಂಬ ಮುಳ್ಳಿನ ಬಳ್ಳಿ ಇತ್ತು. ಅದರ ಕಾಯಿಯ ಸಿಪ್ಪೆಯ ತುಂಬ ಮುಳ್ಳು. ಒಳಗೆ ಬೂದಿ ಬಣ್ಣದ, ನುಣ್ಣಗೆ ಹೊಳೆಯುವ ಬೀಜ ಒಂದೋ ಎರಡೋ. ಕಲ್ಲಿನಷ್ಟು ಗಟ್ಟಿ. ಹೆಣ್ಣುಮಕ್ಕಳು ಐದು ಗಜ್ಜುಗ ಹಿಡಿದು ಜಗಲಿಯ ಮೇಲೆ ಒಂದನ್ನು ಮೇಲಕ್ಕೆ ಚಿಮ್ಮಿ, ಅದು ಕೆಳಗೆ ಬರುವಷ್ಟರಲ್ಲಿ ಉಳಿದವನ್ನು ಬಾಚಿಕೊಳ್ಳುವ ಆಟ ಆಡುತ್ತಿದ್ದೆವು. ಗೋಲಿ ಕೊಳ್ಳಲು ಕಾಸಿಲ್ಲದ ಹುಡುಗರು ಅದನ್ನೇ ಗೋಲಿ ಮಾಡಿಕೊಳ್ಳುತ್ತಿದ್ದರು. ಅದನ್ನು ಕಲ್ಲಿಗೆ ಚೆನ್ನಾಗಿ ಉಜ್ಜಿದರೆ ಕಾಯುತ್ತದೆ. ಮುಂದೆ ಕೂತವಳ ತೋಳಿಗೆ ಮುಟ್ಟಿಸಿದರೆ ಚುರ್ರ್! ಈ ದೇಶಕ್ಕೆ ಬಂದು ಎಷ್ಟೋ ವರ್ಷದ ಮೇಲೆ, ಫ್ಲಾರಿಡಾದ ಕಡಲ ದಂಡೆಯಲ್ಲಿ ಚಿಪ್ಪು ಹೆಕ್ಕುತ್ತಿದ್ದಾಗ ನನ್ನ ಕೈಗೆ ಒಂದು ಗಜ್ಜುಗ ಸಿಕ್ಕಿತು. ಒಂದು ಗಳಿಗೆ ನಂಬಲಾಗಲಿಲ್ಲ. ಆ ಬೀಜ ನೀರಿನಲ್ಲಿ ತೇಲುತ್ತದೆ. ಸಮುದ್ರ ಅದನ್ನು ಬೆಚ್ಚಗಿನ ದೇಶಗಳ ದಂಡೆಗಳಿಗೆಲ್ಲ ತಂದು ಹಾಕುತ್ತದೆ, ಅಲ್ಲೂ ಗಿಡ ಬೆಳೆಯುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ 'ನಿಕ್ಕರ್ ನಟ್' ಎಂದು ಹೆಸರು. ಡಚ್ ಭಾಷೆಯಲ್ಲಿ ಗೋಲಿಗೆ 'ಕ್ನಿಕ್ಕರ್' ಎನ್ನುತ್ತಾರೆ, ಆ ಹೆಸರಿನ ಬೇರು ಅಲ್ಲಿದೆ. ನಮ್ಮೂರಿನ ಹುಡುಗರು ಬೇಲಿಯಿಂದ ಕಿತ್ತು ಏನು ಮಾಡುತ್ತಿದ್ದರೋ, ಇನ್ನಾವುದೋ ದೇಶದ ಮಕ್ಕಳೂ ಅದನ್ನೇ ಮಾಡಿದ್ದಾರೆ. ಆ ಬೀಜ ಈಗಲೂ ನನ್ನ ಮೇಜಿನ ಮೇಲಿದೆ, ಬಂದಾಗ ತೋರಿಸುತ್ತೇನೆ.

ಇನ್ನು ಆಟದ ಮಾತಿಗೆ ಬರೋಣ. ಗೋಲಿ ಎಲ್ಲ ದೇಶದಲ್ಲೂ ಒಂದೇ, ಆದರೆ ಅದನ್ನು ಹೊಡೆಯುವ ಕೈ ಬೇರೆ. ಅಮೆರಿಕದ ಮಕ್ಕಳು ಬಾಗಿಸಿದ ತೋರುಬೆರಳಿನ ಸಂದಿಯಲ್ಲಿ ಗೋಲಿ ಇಟ್ಟು, ಅದೇ ಕೈಯ ಹೆಬ್ಬೆರಳಿನಿಂದ ಚಿಮ್ಮುತ್ತಾರೆ. ನಮ್ಮದು ಬಿಲ್ಲುಬಾಣದ ವರಸೆ, ಎರಡೂ ಕೈ ಬೇಕು. ಎಡಗೈಯ ಹೆಬ್ಬೆರಳನ್ನು ನೆಲಕ್ಕೆ ಊರಿ. ಅಂಗೈ ಎದುರಾಳಿಯ ಕಡೆಗಿರಲಿ, ಬೆರಳುಗಳು ಮೇಲಕ್ಕೆ ನಿಂತಿರಲಿ. ನಡುಬೆರಳಿನ ತುದಿಗೆ ಗೋಲಿಯನ್ನು ಒತ್ತಿ ಇಡಿ. ಈಗ ಬಲಗೈಯಿಂದ ಗೋಲಿಯನ್ನೂ ಬೆರಳನ್ನೂ ಒಟ್ಟಿಗೆ ಹಿಂದಕ್ಕೆ ಎಳೆಯಿರಿ. ಬೆರಳು ಬಿಲ್ಲಿನಂತೆ ಬಾಗುತ್ತದೆ, ಸ್ವಲ್ಪ ನೋಯುತ್ತದೆ ಕೂಡ. ಒಂದು ಕಣ್ಣು ಮುಚ್ಚಿ ಗುರಿ ಹಿಡಿದು, ಬಿಟ್ಟುಬಿಡಿ. ಕೆಲವರು ನಡುಬೆರಳಿನ ಬದಲು ತೋರುಬೆರಳಲ್ಲಿ ಹೊಡೆಯುತ್ತಾರೆ, ಎರಡೂ ಸರಿಯೇ.

ಅವತ್ತೇ ಹೇಳಿದ್ದೆನಲ್ಲ, ಹೆಬ್ಬೆರಳು ಮಾತ್ರ ಗೋಲಿ ಕೈಬಿಡುವ ತನಕ ನೆಲದಿಂದ ಏಳಬಾರದು. ಎದ್ದರೆ ಆ ಹೊಡೆತ ಲೆಕ್ಕಕ್ಕಿಲ್ಲ, ಯಾಕೆಂದರೆ ಕೈ ಮುಂದಕ್ಕೆ ಜರುಗಿ ಮೋಸವಾಗುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವನ್ನು ಅಣ್ಣ ಹೇಳಿಕೊಟ್ಟಿದ್ದ: "ಹೆಬ್ಬೆರಳು ಅಲ್ಲಾಡಿದ್ರೆ ಗುರಿ ಅಲ್ಲಾಡುತ್ತೆ ಕಣೇ."

ಹೌದು, ನನಗೆ ಕಲಿಸಿದವನು ಅಣ್ಣ, ಅದೂ ಹಿತ್ತಲಿನಲ್ಲಿ, ಯಾರೂ ಕಾಣದ ಹಾಗೆ. ನಮ್ಮೂರಿನಲ್ಲಿ ಆಗ ಹೆಣ್ಣುಮಕ್ಕಳು ಬೀದಿಯಲ್ಲಿ ಗೋಲಿ ಆಡುತ್ತಿರಲಿಲ್ಲ. ನಮ್ಮ ಪಾಲಿಗೆ ಗಜ್ಜುಗ, ಕುಂಟೆಬಿಲ್ಲೆ, ಅಳಗುಳಿಮಣೆ. ಹುಡುಗರು ಆಡಿದರೂ ದೊಡ್ಡವರಿಗೆ ಹಿಡಿಸುತ್ತಿರಲಿಲ್ಲ. ಗೆದ್ದವರು ಸೋತವರ ಗೋಲಿಗಳನ್ನು ಮನೆಗೆ ಒಯ್ಯುತ್ತಿದ್ದರಿಂದ ಅದು ಜೂಜಿನಂತೆ ಕಾಣುತ್ತಿತ್ತು. ಅಣ್ಣನ ಮೇಷ್ಟರೊಬ್ಬರು ಅವನ ಚಡ್ಡಿ ಜೇಬಿನಿಂದ ಇಪ್ಪತ್ತಮೂರು ಗೋಲಿ ತೆಗೆಸಿ ಬಾವಿಗೆ ಎಸೆದರು. ಅವನು ಅತ್ತದ್ದು ಗೋಲಿಗಾಗಿ ಅಲ್ಲ. ಆ ಇಪ್ಪತ್ತಮೂರರಲ್ಲಿ ಹದಿನೆಂಟು ಅವನು ಗೆದ್ದವು, ಒಂದೊಂದೂ ಯಾರಿಂದ ಬಂತೆಂದು ಅವನಿಗೆ ಗೊತ್ತಿತ್ತು. ಇಷ್ಟು ವರ್ಷವಾದ ಮೇಲೂ ಅದು ಅನ್ಯಾಯವೆಂದೇ ನನಗನ್ನಿಸುತ್ತದೆ. ಆಟ ಮುಗಿದ ಮೇಲೆ ಅವರವರ ಗೋಲಿ ಅವರವರಿಗೆ ಎಂದು ಮೊದಲೇ ಮಾತಾಡಿಕೊಂಡರೆ ಯಾರ ಮನಸ್ಸೂ ನೋಯುವುದಿಲ್ಲ. ನಮ್ಮ ಕೂಟದಲ್ಲಿ ಹಾಗೆಯೇ ಆಡೋಣ.

ನಮ್ಮೂರಿನ ಮೂರು ಕುಳಿಯ ಆಟ ಹೀಗೆ. ಬರಿಗಾಲಿನ ಹಿಮ್ಮಡಿಯನ್ನು ಮಣ್ಣಿಗೆ ಊರಿ ಗಿರ್ರನೆ ತಿರುಗಿದರೆ ಒಂದು ಕುಳಿ. ಮೂರು ಹೆಜ್ಜೆಗೊಂದರಂತೆ ಸಾಲಾಗಿ ಮೂರು. ಗೆರೆಯ ಹಿಂದಿನಿಂದ ಶುರು ಮಾಡಿ ಒಂದನೇ ಕುಳಿ, ಎರಡನೇದು, ಮೂರನೇದು ಎಂದು ಗೋಲಿಯನ್ನು ಇಳಿಸುತ್ತಾ ಹೋಗಬೇಕು, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಕುಳಿಗೆ ಬಿದ್ದರೆ ಇನ್ನೊಂದು ಆಟ ಸಿಗುತ್ತದೆ, ಕುಳಿಯಿಂದ ಒಂದು ಗೇಣು ಮುಂದೆ ಬಂದು ಹೊಡೆಯಬಹುದು. ಎದುರಾಳಿಯ ಗೋಲಿಗೆ ತಾಗಿಸಿದರೂ ಇನ್ನೊಂದು ಆಟ. ಕುಳಿಯ ಬಾಯಲ್ಲಿ ಕೂತ ಶತ್ರುವಿನ ಗೋಲಿಯನ್ನು ಟಣ್ ಎಂದು ಹೊಡೆದು ಚರಂಡಿಯ ತನಕ ಓಡಿಸುವುದಿದೆಯಲ್ಲ, ಆ ಸುಖಕ್ಕೆ ಸಮ ಯಾವುದೂ ಇಲ್ಲ. ಕೊನೆಗೆ ಉಳಿದವನು ಸೋತ ಹಾಗೆ. ಅವನು ಮುಷ್ಟಿ ಕಟ್ಟಿ ನೆಲಕ್ಕೆ ಇಡಬೇಕು, ಗೆದ್ದವರು ಅವನ ಬೆರಳ ಗೆಣ್ಣಿಗೆ ಗೋಲಿಯಿಂದ ಹೊಡೆಯುತ್ತಿದ್ದರು. ಚಳಿಗಾಲದ ಬೆಳಗ್ಗೆ ಆ ಏಟು ತಿಂದವರಿಗೇ ಗೊತ್ತು. ಇದೊಂದನ್ನು ಬಿಟ್ಟುಬಿಡಿ. ಮೊಣಕೈಯಿಂದ ಗೋಲಿ ತಳ್ಳಿಕೊಂಡು ಹೋಗಿ ಕುಳಿಗೆ ಹಾಕುವ ಶಿಕ್ಷೆ ಸಾಕು, ನೋಡುವವರಿಗೂ ನಗು ಬರುತ್ತದೆ.

ಒಬ್ಬ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದ್ದ. ನೇರವಾಗಿ ಬಡಿದಾಗ ಬಡಿದ ಗೋಲಿ ಅಲ್ಲೇ ನಿಂತು, ಏಟು ತಿಂದದ್ದು ಯಾಕೆ ಓಡುತ್ತದೆ? ಎರಡರ ತೂಕವೂ ಒಂದೇ ಆಗಿದ್ದು ಏಟು ನಟ್ಟನಡುವಿಗೆ ಬಿದ್ದರೆ, ಬಂದವನ ಓಟವೆಲ್ಲ ನಿಂತವನಿಗೆ ದಾಟಿಹೋಗುತ್ತದೆ. ನೆಲದ ಮೇಲೆ ಉರುಳಿಕೊಂಡು ಬಂದ ಗೋಲಿ ಪೂರ್ತಿ ನಿಲ್ಲುವುದಿಲ್ಲ, ಉರುಳಾಟ ಉಳಿದಿರುವುದರಿಂದ ಸ್ವಲ್ಪ ಹಿಂಬಾಲಿಸುತ್ತದೆ. ಗಾಳಿಯಲ್ಲೇ ಹಾರಿ ಬಂದು ಬಡಿದದ್ದು ಮಾತ್ರ ಹಾಗೇ ನಿಂತುಬಿಡುತ್ತದೆ. ಹಾರಿಸಿ ಹೊಡೆಯುವವನಿಗೆ ನಮ್ಮೂರಿನಲ್ಲಿ ಬಹಳ ಮರ್ಯಾದೆ ಇತ್ತು. ಶಾಲೆಯಲ್ಲಿ ನ್ಯೂಟನ್ ಬರುವ ಮೊದಲೇ ಆ ಹುಡುಗರ ಬೆರಳಿಗೆ ಈ ಪಾಠ ಬಂದಿತ್ತು.

ಗೋಲಿ ಸೋಡದ ವಿಷಯ ಹೇಳದಿದ್ದರೆ ನಿಮ್ಮ ಅಪ್ಪಂದಿರು ನನ್ನನ್ನು ಬಿಡುವುದಿಲ್ಲ. ದಪ್ಪ ಗಾಜಿನ ಹಸಿರು ಛಾಯೆಯ ಬಾಟಲಿ. ಕೊರಳಿನಲ್ಲಿ ಯಾರೋ ಎರಡು ಬೆರಳಿನಿಂದ ಚಿವುಟಿದಂತೆ ತಗ್ಗು. ಅದರೊಳಗೊಂದು ಗೋಲಿ. ಮುಚ್ಚಳವೇ ಇಲ್ಲ! ಲಂಡನ್ನಿನ ಹೈರಮ್ ಕಾಡ್ ಎಂಬಾತ 1870ರ ದಶಕದ ಶುರುವಿನಲ್ಲಿ ಮಾಡಿದ ಉಪಾಯ ಇದು. ಬಾಟಲಿಯ ಬಾಯಿಯ ಒಳಗೆ ರಬ್ಬರಿನ ಬಳೆ ಇದೆ. ಬಾಟಲಿಯನ್ನು ತಲೆಕೆಳಗು ಮಾಡಿ ಗ್ಯಾಸ್ ತುಂಬಿದ ನೀರು ಹಾಕುತ್ತಾರೆ. ಆಗ ಗೋಲಿ ಜಾರಿ ಬಂದು ಬಾಯಿಗೆ ಕೂರುತ್ತದೆ. ಒಳಗಿನ ಗ್ಯಾಸ್ ಅದನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ನೇರ ನಿಲ್ಲಿಸಿದರೂ ಬೀಳುವುದಿಲ್ಲ. ಸೋಡ ತಾನೇ ತನ್ನ ಬಾಗಿಲು ಹಾಕಿಕೊಂಡ ಹಾಗೆ. ಅಂಗಡಿಯವನು ಮರದ ಗುಂಡಿಯಿಂದ ಒತ್ತಿದರೆ ಕೀಚ್ ಎಂಬ ಶಬ್ದ, ಟಣ್ಣೆಂದು ಗೋಲಿ ತಗ್ಗಿಗೆ ಬೀಳುತ್ತದೆ. ಕುಡಿಯುವಾಗ ಅದು ಉರುಳಿ ಬಂದು ಬಾಯಿಗೆ ಅಡ್ಡ ಕೂರದಿರಲಿ ಎಂದೇ ಆ ಚಿವುಟಿದ ತಗ್ಗು ಇರುವುದು. ಜಾತ್ರೆಯ ಬಿಸಿಲಿನಲ್ಲಿ ನಿಂಬೆಹಣ್ಣು, ಉಪ್ಪು ಹಾಕಿದ ಆ ಸೋಡ ಗಂಟಲಿಗೆ ಇಳಿಯುವಾಗ ಮೂಗಿಗೆ ಏರುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು.

ಇಂಗ್ಲೆಂಡಿನ ಮಕ್ಕಳು ಗೋಲಿಯ ಆಸೆಗೆ ಆ ಬಾಟಲಿಗಳನ್ನು ಒಡೆದುಹಾಕುತ್ತಿದ್ದರಂತೆ. ನಮ್ಮೂರಿನಲ್ಲೂ ಒಡೆದ ಸೋಡ ಬಾಟಲಿಯ ಗೋಲಿಗೆ ಬೆಲೆ ಹೆಚ್ಚು, ಒಂದಕ್ಕೆ ಅಂಗಡಿಯ ಗೋಲಿ ಮೂರು ಕೊಡುತ್ತಿದ್ದರು. ಕಾಡ್‌ನ ಊರಿನಲ್ಲಿ ಆ ಬಾಟಲಿ ಮರೆಯಾಗಿ ಎಷ್ಟೋ ಕಾಲವಾಯಿತು. ಭಾರತದಲ್ಲಿ ಉಳಿದಿದೆ, ಜಪಾನಿನಲ್ಲಿ ಉಳಿದಿದೆ. ಇಲ್ಲಿಯ ಏಷ್ಯನ್ ಅಂಗಡಿಗಳಲ್ಲಿ 'ರಾಮುನೆ' ಎಂಬ ಜಪಾನಿ ಬಾಟಲಿ ಸಿಗುತ್ತದೆ, ಅದು 'ಲೆಮನೇಡ್' ಎಂಬ ಮಾತೇ ಜಪಾನಿನವರ ನಾಲಿಗೆಯಲ್ಲಿ ಪಳಗಿದ್ದು. ಒಂದು ತರಿಸಿ ನೋಡಿ. ಹಾಗೆಯೇ ಸ್ಪ್ರೇ ಪೇಂಟಿನ ಡಬ್ಬಿ ಕುಲುಕಿದಾಗ ಟಕಟಕ ಎನ್ನುತ್ತದಲ್ಲ, ಬಣ್ಣ ಕಲಕಲು ಅದರೊಳಗೂ ಎಷ್ಟೋ ಸಲ ಒಂದು ಗೋಲಿ ಇರುತ್ತದೆ.

ಇನ್ನೊಂದು ಪ್ರಶ್ನೆಗೆ ಉತ್ತರ ಬಾಕಿಯಿದೆ. "ಇಲ್ಲಿ ಯಾರೂ ಆಡಲ್ಲ ಅಲ್ವಾ ಆಂಟಿ?" ಆಡುತ್ತಾರೆ ಪುಟ್ಟಾ. ನಾವಿರುವ ನ್ಯೂಜೆರ್ಸಿಯಲ್ಲೇ, ವೈಲ್ಡ್‌ವುಡ್ ಎಂಬ ಕಡಲತೀರದ ಊರಿನಲ್ಲಿ, ಪ್ರತಿ ಜೂನ್ ತಿಂಗಳು ಅಮೆರಿಕದ ರಾಷ್ಟ್ರೀಯ ಗೋಲಿ ಪಂದ್ಯ ನಡೆಯುತ್ತದೆ. ಶುರುವಾದದ್ದು 1922ರಲ್ಲಿ. ಆಡುವವರು ಹದಿನಾಲ್ಕು ವರ್ಷದವರೆಗಿನ ಮಕ್ಕಳು. 1948ರಿಂದ ಹುಡುಗಿಯರಿಗೂ ಪ್ರತ್ಯೇಕ ಪ್ರಶಸ್ತಿ ಇದೆ. ನಾನು ಹಿತ್ತಲಿನಲ್ಲಿ ಕದ್ದು ಕಲಿಯುವುದಕ್ಕೆ ಎಷ್ಟೋ ವರ್ಷ ಮೊದಲೇ! ಹತ್ತಡಿ ಅಗಲದ ವೃತ್ತ, ನಡುವೆ ಅಡ್ಡಗೆರೆ ಉದ್ದಗೆರೆಯಂತೆ ಜೋಡಿಸಿದ ಹದಿಮೂರು ಗೋಲಿ. ಯಾರು ಮೊದಲು ಏಳನ್ನು ವೃತ್ತದಿಂದ ಹೊರಗೆ ಹೊಡೆಯುತ್ತಾರೋ ಅವರು ಗೆದ್ದಂತೆ.

ಎರಡು ವರ್ಷದ ಹಿಂದೆ ನಾನು ಹೋಗಿ ನೋಡಿದೆ. ಬಿಸಿಲಿನಲ್ಲಿ ಮಂಡಿಯೂರಿ ಕೂತ ಹುಡುಗಿಯೊಬ್ಬಳು ಹೊಡೆಯುವ ಮುನ್ನ ಬೆರಳಿನ ಗೆಣ್ಣನ್ನು ನೆಲಕ್ಕೆ ಒತ್ತಿದಳು. ಅಲ್ಲಿಯ ನಿಯಮ ಅದು, ಗೋಲಿ ಕೈಬಿಡುವ ತನಕ ಒಂದು ಗೆಣ್ಣಾದರೂ ನೆಲಕ್ಕೆ ತಾಗಿರಬೇಕು. ನಿಮ್ಮ ಟೀಚರ್ 'ನಕಲ್ ಡೌನ್' ಅನ್ನುತ್ತಾರಲ್ಲ, ಮನಸ್ಸಿಟ್ಟು ಕೆಲಸ ಮಾಡಿ ಎನ್ನಲು? ಅದು ಗೋಲಿಯಾಟದಿಂದಲೇ ಬಂದ ಮಾತು. ಅವರದು ಗೆಣ್ಣು, ನಮ್ಮದು ಹೆಬ್ಬೆರಳು. ಆ ಹುಡುಗಿಯ ಕೈ ನೋಡುತ್ತಾ ನನಗೆ ಅಣ್ಣ ನೆನಪಾದ.

ನಮ್ಮೂರಿನಲ್ಲಿ ಯಾವ ಅಪ್ಪ ಅಮ್ಮನೂ ಮಕ್ಕಳಿಗೆ ಗೋಲಿ ಕಲಿಸಲಿಲ್ಲ. ಹತ್ತು ವರ್ಷದವನು ಏಳು ವರ್ಷದವನಿಗೆ ಕಲಿಸಿದ, ಆ ಏಳು ವರ್ಷದವನು ಹತ್ತಕ್ಕೆ ಬಂದಾಗ ಇನ್ನೊಬ್ಬನಿಗೆ ಕಲಿಸಿದ. ನಿಯಮ, ಶಿಕ್ಷೆ, ಜಗಳ ಬಗೆಹರಿಸುವುದು, ಎಲ್ಲ ಅವರದೇ. ನಾವು ವಿಮಾನ ಹತ್ತಿ ಬಂದಾಗ ಹಬ್ಬ ತಂದೆವು, ಹಾಡು ತಂದೆವು, ಅಡುಗೆ ತಂದೆವು. ದೊಡ್ಡವರು ತರಬಹುದಾದದ್ದು ಅಷ್ಟೇ. ಮಕ್ಕಳ ಕೈಯಿಂದ ಮಕ್ಕಳ ಕೈಗೆ ಬರಬೇಕಾದದ್ದು ದಾರಿಯಲ್ಲಿ ಕಡಿದುಹೋಯಿತು. ಅದಕ್ಕಾಗಿ ನನಗೆ ನಿಜವಾಗಿ ಸಂಕಟವಾಗುತ್ತದೆ, ಅದಕ್ಕೇ ಆ ಚೀಲವನ್ನು ಚಾಪೆಯ ಮೇಲೆ ಸುರಿದದ್ದು.

ನಮ್ಮ ಮನೆಯ ಹಿಂದೆ ಹುಲ್ಲು ಕಿತ್ತು ಮೂರು ಕುಳಿ ತೋಡಿಟ್ಟಿದ್ದೇನೆ. ಶನಿವಾರ ಸಂಜೆ ಬನ್ನಿ. ಮೂರು ವರ್ಷದೊಳಗಿನ ತಮ್ಮ ತಂಗಿಯರ ಕೈಗೆ ಗೋಲಿ ಸಿಗದ ಹಾಗೆ ನೋಡಿಕೊಳ್ಳಿ, ಬಾಯಿಗೆ ಹಾಕಿಕೊಂಡರೆ ಅಪಾಯ.

ಪಿಕ್‌ನಿಕ್ ಮುಗಿದು ಚಾಪೆ ಮಡಿಸುವಾಗ ಗೋಲಿ ಎಣಿಸಿದೆ, ತೊಂಬತ್ತೇಳು ಇದ್ದವು. ಒಂದು ಎಲ್ಲಿ ಎಂದು ಹುಡುಕಿಕೊಂಡು ಕಾರುಗಳ ಕಡೆ ನಡೆದೆ. ಎಲೆಯ ಬಗ್ಗೆ ಕೇಳಿದ್ದ ಹುಡುಗಿ ಪಾರ್ಕಿಂಗ್ ಪಕ್ಕದ ಮಣ್ಣಿನಲ್ಲಿ ಮಂಡಿಯೂರಿ ಕೂತಿದ್ದಳು. ಎದುರಿಗೆ ಅವಳ ತಮ್ಮ, ಆರು ವರ್ಷದವನು, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಬೆರಳು ಬಾಗಿಸುತ್ತಿದ್ದ. ಅವಳು ಅವನ ಕೈಯನ್ನು ಒತ್ತಿ ಹಿಡಿದು ಹೇಳುತ್ತಿದ್ದಳು: "ಥಂಬ್ ಎತ್ಬೇಡ ಕಣೋ. ಥಂಬ್ ಅಲ್ಲೇ ಇರ್ಲಿ."